ಎಲೆ ಎಣಿಸುವ ವಿದ್ಯೆ

ಇಸ್ಪೀಟೆಂದೊಡನೆ ಮೂಗು ಮುರಿಯುವವರಲ್ಲಿ ನಮ್ಮ ತಾಯಿಯವರೇ ಮೊದಲಿಗರು. ಅದಕ್ಕೆ ಕಾರಣವೂ ಉಂಟು. ಅವರ ತವರಿನ ಎರಡು ಎಕರೆ ಗದ್ದೆ ಒಂದು ಯುಗಾದಿಯ ರಾತ್ರಿ ಅಂದರ್ ಬಾಹರಿನಲ್ಲಿ ಅನ್ಯರ ಪಾಲಾಯಿತು. ಹಣವಿಟ್ಟಾಡುವ ಅಂತರ್ಜಾಲದ ಆಟಗಳನ್ನು ಸಂಸತ್ತು 2025ರಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ನಮ್ಮ ಮನೆಯಲ್ಲಿ ಅಂಥ ಕಾಯಿದೆ ಎಂದಿನಿಂದಲೂ ಜಾರಿಯಲ್ಲಿದೆ. ಆದುದರಿಂದ ಭಾನುವಾರ ನಾನೂ ಮೂವರು ಸಹೋದ್ಯೋಗಿಗಳೂ ಪೋಕರ್ ಆಡುವಾಗ ಪಣವಾಗಿ ಇಡುವುದು ಹುಣಿಸೆಬೀಜ.

ಅಂದರ್ ಬಾಹರಿನಲ್ಲಿ ಎಲೆ ಯಾವ ಕಡೆ ಬಿದ್ದೀತೆಂದು ಕಾಯುವುದಷ್ಟೇ ಕೆಲಸ. ಪೋಕರಿನಲ್ಲಿ ಹಾಗಲ್ಲ. ಪ್ರತಿಯೊಬ್ಬನ ಕೈಯಲ್ಲಿ ಎರಡು ಗುಪ್ತ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಅವು ಮೊದಲು ಮೂರು, ಬಳಿಕ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕೊನೆಯವರೆಗೆ ಉಳಿದವರಲ್ಲಿ, ಈ ಏಳರಿಂದ ಉತ್ತಮವಾದ ಐದನ್ನು ಹೊಂದಿಸಿದವನಿಗೆ ಗೆಲುವು. ಪ್ರತಿ ಹಂತದಲ್ಲಿಯೂ ಪಣವನ್ನು ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬಹುದು.

ಕಷ್ಟಪಟ್ಟು ಕಲಿಯಬೇಕಾದುದು ಈ ಕೊನೆಯದನ್ನು. ನಿಮ್ಮ ಎರಡು, ನಡುವೆ ತೆರೆದ ನಾಲ್ಕು, ಇವುಗಳಲ್ಲಿ ನಾಲ್ಕು ಆಟೀನು ಇವೆಯೆನ್ನಿ. ಐದನೆಯ ಆಟೀನು ಬಂದರೆ ಗೆಲುವು ಬಹುಮಟ್ಟಿಗೆ ನಿಮ್ಮದು. ಕಾಣದ ಎಲೆ 46. ಅವುಗಳಲ್ಲಿ ಆಟೀನು 9. ಅಂದರೆ ಸುಮಾರು ಐದು ಸಲಕ್ಕೆ ಒಮ್ಮೆ ಬಂದೀತು. ರಾಶಿಯಲ್ಲಿ 100 ಬೀಜವಿದ್ದು, ಮುಂದುವರಿಯಲು 20 ಇಡಬೇಕಾದರೆ ಇಡಿ. ನಾಲ್ಕು ಸಲಕ್ಕೆ 80 ಹೋದರೂ ಒಮ್ಮೆ 100 ಬಂದೀತು. 50 ಇಡಬೇಕಾದರೆ ಬಿಡಿ. ಆ 100ಕ್ಕಾಗಿ 200 ಹೋಗುತ್ತದೆ. ಬಿಟ್ಟ ಮೇಲೆ ಆಟೀನೇ ಬಂದರೂ ಹಲುಬಬಾರದು. ನಿರ್ಧಾರವನ್ನು ಫಲದಿಂದಲೇ ಅಳೆಯುವವನ ಆಟ ಬೆಳೆಯದು. ನಮ್ಮ ಗಣಿತದ ಅಧ್ಯಾಪಕರು ತಾವು ಬಿಟ್ಟ ಆಟಗಳನ್ನೂ ಕಾರಣಸಹಿತ ಬರೆದಿಡುತ್ತಾರೆ. ತುಂಬಿದ ಡಬ್ಬಿ ಸಾಮಾನ್ಯವಾಗಿ ಅವರದೇ.

ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನ ಕಥೆ ಮಹಾಭಾರತದಲ್ಲಿದೆ. ಋತುಪರ್ಣನು ತಾರೆಮರದ ಎಲೆ, ಕಾಯಿಗಳನ್ನು ನೋಟಮಾತ್ರದಿಂದ ಎಣಿಸುತ್ತಾನೆ. ನಳನು ರಥ ನಿಲ್ಲಿಸಿ ಪರೀಕ್ಷಿಸಿ, ಆ ವಿದ್ಯೆಯನ್ನು ಅವನಿಂದ ಪಡೆಯುತ್ತಾನೆ. ಅವನು ಎಣಿಸಿದ್ದೂ ಎಲೆ, ನಾವು ಎಣಿಸುವುದೂ ಎಲೆ! ಇದನ್ನು ತಾಯಿಯವರಿಗೆ ಹೇಳಿ, ಲೆಕ್ಕ ಬಲ್ಲವನಿಗೆ ಭಯವಿಲ್ಲವೆಂದೆ.

“ಲೆಕ್ಕ ನಮ್ಮಣ್ಣನಿಗೂ ಬರ್ತಿತ್ತಪ್ಪ, ಸೊಸೈಟಿ ಲೆಕ್ಕ ಬರೀತಿದ್ದವನು. ಏಳೋದು ಬರ್ತಿರಲಿಲ್ಲ” ಎಂದರು.

ನಳನಿಗೆ ಅದೂ ಬಂದಿತ್ತು. ಒಂದೇ ಪಣದಲ್ಲಿ ಪುಷ್ಕರನಿಂದ ರಾಜ್ಯವನ್ನು ಮರಳಿ ಗೆದ್ದು, ಅವನ ಪಾಲನ್ನು ಅವನಿಗೇ ಕೊಟ್ಟು, ಆಟವನ್ನು ಅಲ್ಲಿಗೇ ಮುಗಿಸಿದನು. ಅಂದಿನಿಂದ ನಮ್ಮಲ್ಲಿಯೂ ಒಂದು ನಿಯಮ: ದೀಪ ಹಚ್ಚುವ ಹೊತ್ತಿಗೆ ಗೆದ್ದವರೂ ಸೋತವರೂ ಏಳತಕ್ಕದ್ದು. ಬೀಜದ ಡಬ್ಬಿಗಳು ತಾಯಿಯವರ ವಶ.