ರಾಹುಕಾಲ ಕಳೆದ ಮೇಲೆ

ಮದುವೆಗೆ, ಗೃಹಪ್ರವೇಶಕ್ಕೆ, ಹೊಸ ಸ್ಕೂಟರು ತರುವುದಕ್ಕೆ ದಿನ ನೋಡುವ ಮನೆ ನಮ್ಮದು. ಸಾವಿಗೂ ದಿನ ನೋಡಬೇಕಾದೀತೆಂದು ಯಾರೂ ಎಣಿಸಿರಲಿಲ್ಲ. 14 ವರ್ಷದ ಕರಿಯನಿಗೆ ಕಿಡ್ನಿ ಕೈಕೊಟ್ಟು, ಹಿಂಗಾಲು ಸೋತು, ಮೊಸರನ್ನವನ್ನೂ ಮೂಸಿ ಮುಖ ತಿರುಗಿಸಿದಾಗ ನಾಯಿ ಡಾಕ್ಟರು, "ಯಾವತ್ತು ಬರಲಿ, ನೀವೇ ಹೇಳಿ" ಅಂದರು. "ಶುಕ್ರವಾರ ಬೇಡ" ಅಂದಳು ಅಮ್ಮ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಹನ್ನೊಂದಕ್ಕೆ ಎಂದಾಯಿತು.

ಮನೆಗೆ ಬರುವ ಫೀಸು, ಔಷಧಿ, ವ್ಯಾನು, ವಿದ್ಯುತ್ ಚಿತಾಗಾರ ಎಲ್ಲ ಸೇರಿ 7,000 ರೂಪಾಯಿಯ ಆಸುಪಾಸು. ಆ ವರ್ಷ ರಕ್ತಪರೀಕ್ಷೆ, ಡ್ರಿಪ್ಪುಗಳಿಗೆ ಸುರಿದದ್ದರ ಮುಂದೆ ಇದೇನೂ ಅಲ್ಲ. ಆದರೂ ಮೊತ್ತ ಕಿವಿಗೆ ಬಿದ್ದ ಕೂಡಲೇ ಅಪ್ಪ "ಕಡಿಮೆ ಆಗಲ್ವಾ?" ಎಂದುಬಿಟ್ಟರು. ಜೀವಮಾನದ ಅಭ್ಯಾಸ. ನಾನು ನೆಲ ನೋಡಿದೆ.

1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ವಾಸಿಯಾಗದ ನೋವಿನಲ್ಲಿ ನರಳುತ್ತಿದ್ದಾಗ ಗಾಂಧೀಜಿ ಡಾಕ್ಟರನ್ನು ಕರೆಸಿ ಚುಚ್ಚುಮದ್ದು ಕೊಡಿಸಿದರು. ಮುಚ್ಚಿಡದೆ 'ನವಜೀವನ' ಪತ್ರಿಕೆಯಲ್ಲಿ ಬರೆದೂ ಬರೆದರು. ಸಿಟ್ಟಿನ ಕಾಗದಗಳು ಬಂದವು. ಅವರಿಗೇ ಬೈಗುಳ ತಪ್ಪದಿದ್ದ ಮೇಲೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ "ಕೊಲ್ಲಿಸ್ತಿದೀರಂತೆ?" ಎಂದು ಕೇಳಿದ್ದರಲ್ಲಿ ಅಚ್ಚರಿಯೇನು!

ಮೊದಲು ಮಂಪರಿನ ಸೂಜಿ. ಆಮೇಲೆ ಥಯೋಪೆಂಟೋನ್. 1934ರಿಂದ ಆಪರೇಷನ್ನಿಗೆ ಮುಂಚೆ ಮನುಷ್ಯರ ಎಚ್ಚರ ತಪ್ಪಿಸುತ್ತ ಬಂದ ಅರಿವಳಿಕೆ ಅದು. ಪ್ರಮಾಣ ಮೀರಿಸಿ ಕೊಟ್ಟರೆ ಉಸಿರು ನಿಲ್ಲುತ್ತದೆ, ಹಿಂದೆಯೇ ಎದೆಬಡಿತ. "ಕಣ್ಣು ಮುಚ್ಚಲ್ಲ, ಗಾಬರಿಯಾಗಬೇಡಿ" ಎಂದು ಡಾಕ್ಟರು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಅವರು ಸ್ಟೆತಾಸ್ಕೋಪು ತೆಗೆದು ತಲೆಯಾಡಿಸುವವರೆಗೆ, ಅಮ್ಮನ ಸೆರಗಿನ ಮೇಲಿದ್ದ ಆ ತಲೆಯಲ್ಲಿ ಜೀವವಿಲ್ಲವೆಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತೆಯೂ ಇಲ್ಲ. ನಾಯಿಗೆ ಸೂತಕ ಉಂಟೋ ಇಲ್ಲವೋ, ಪುರೋಹಿತರನ್ನು ಕೇಳಲು ಅಪ್ಪನಿಗೆ ಸಂಕೋಚ. ನನಗೆ ಆತಕೂರಿನ ಶಾಸನ ನೆನಪಾಯಿತು. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಕಾದಿದ ಮಣಲೇರ, ಮೆಚ್ಚಿದ ಒಡೆಯ ಏನು ಬೇಕೋ ಕೇಳೆಂದಾಗ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಮಣಲೇರ ದಿನ ಗೊತ್ತುಮಾಡಬೇಕಾಗಿ ಬರಲಿಲ್ಲ, ಪುಣ್ಯವಂತ. ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಅಲ್ಲಿನ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟನ್ನೂ ಹೇಳಿದೆ. ಡಾಕ್ಟರು ಸಿರಿಂಜುಗಳನ್ನು ಡಬ್ಬಿಗೆ ಹಾಕುತ್ತ ಕೇಳಿಸಿಕೊಂಡರು. "ಹಾಗಾದ್ರೆ ಸೂತಕ ಇದೆ ಅಂತಾಯ್ತು" ಎಂದ ಅಮ್ಮ, ಕಾಂಪೌಂಡಿನ ಹತ್ತಿರ ಹೋಗಿ ಪಕ್ಕದ ಮನೆಯಾಕೆಯನ್ನು ಕೂಗಿದಳು. ಕಾಫಿ ಅಲ್ಲಿಂದ ಬಂತು, ದೊಡ್ಡ ಫ್ಲಾಸ್ಕಿನಲ್ಲಿ. ವ್ಯಾನಿನ ಡ್ರೈವರಿಗೂ ಒಂದು ಲೋಟ ಸಿಕ್ಕಿತು.