ಹೋಗಿ ಬರುವ ಮಾತು

ಭಾಷೆಯನ್ನು ಪುಸ್ತಕದಿಂದ ಕಲಿಯಬಹುದು. ಅದನ್ನಾಡುವ ಧೈರ್ಯವನ್ನು ಮಾತ್ರ ಮತ್ತೊಬ್ಬ ಮನುಷ್ಯನೇ ಕೊಡಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದು ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಿಪ್ಪಾಣಿಯ ಅಂಚಿನ ದೇವಚಂದ ಕಾಲೇಜಂತೂ ನಿಂತಿರುವುದೇ ಮಹಾರಾಷ್ಟ್ರದ ನೆಲದಲ್ಲಿ. ಇಲ್ಲಿಯ ಮಕ್ಕಳು ಎರಡನೆಯ ಭಾಷೆಯನ್ನು ವ್ಯಾಕರಣ ನೋಡಿ ಕಲಿತವರಲ್ಲ. ಗೋಲಿಯಾಡುತ್ತ, ಜಗಳವಾಡುತ್ತ ಕಲಿತವರು.

ಆದರೆ ಕಡಲಾಚೆಯ ಭಾಷೆಗೆ ಗೋಲಿಯಾಡುವ ಗೆಳೆಯನನ್ನು ಎಲ್ಲಿಂದ ತರುವುದು?

ಹಿಂದಿನ ತಲೆಮಾರಿನವರು ಅವನನ್ನು ಅಂಚೆಯ ಮೂಲಕ ತಂದರು. ವಾರಪತ್ರಿಕೆಗಳ ಪುಟದಲ್ಲಿ ಹೆಸರು, ವಯಸ್ಸು, 'ಹವ್ಯಾಸ: ಅಂಚೆಚೀಟಿ ಸಂಗ್ರಹ' ಎಂಬ ಒಕ್ಕಣೆ, ಅಷ್ಟರಿಂದಲೇ ಸ್ನೇಹ ಕುದುರುತ್ತಿತ್ತು. ಫಿನ್‌ಲೆಂಡಿನ ತುರ್ಕು ನಗರದಲ್ಲಿ 1952ರಲ್ಲಿ ಆರಂಭವಾದ ಒಂದು ಸಂಸ್ಥೆ, 2008ರಲ್ಲಿ ಬಾಗಿಲು ಮುಚ್ಚುವವರೆಗೆ, ದೇಶದೇಶಗಳ ವಿದ್ಯಾರ್ಥಿಗಳಿಗೆ ಇಂಥ ಜೋಡಿಗಳನ್ನು ಹುಡುಕಿಕೊಡುತ್ತಿತ್ತು. ಉತ್ತರ ಬರುವಷ್ಟರಲ್ಲಿ ತಾನು ಬರೆದುದೇನೆಂಬುದೇ ಮರೆತುಹೋಗುತ್ತಿತ್ತು. ಇಂದು ಅಂತರ್ಜಾಲದಲ್ಲಿ ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ. ತಪ್ಪು ಇನ್ನೂ ಬಿಸಿಯಾಗಿರುವಾಗಲೇ ತಿದ್ದುಪಡಿಯೂ ದೊರೆಯುತ್ತದೆ.

ಈ ಹುಡುಕಾಟ ಬರಿಯ ವಿನೋದವಲ್ಲ. ಕುಶಲ ಕೆಲಸಗಾರರನ್ನು ಕಳುಹಿಸುವ ಬಗೆಗೆ ಭಾರತ ಜಪಾನುಗಳ ನಡುವೆ 2021ರ ಜನವರಿಯಲ್ಲಿ ಒಪ್ಪಂದವಾಯಿತು. ವೃದ್ಧರ ಶುಶ್ರೂಷೆ, ಕೃಷಿ ಮೊದಲಾದ ಕೆಲಸಗಳಿಗೆ ಹೋಗುವವರಿಗೆ ಜಪಾನಿ ಭಾಷೆ ಬೇಕೇಬೇಕು. 1984ರಿಂದ ನಡೆದುಬಂದಿರುವ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಗೆ ಈಗ ಐದು ಹಂತಗಳು. ಅದು ಓದನ್ನೂ ಕೇಳ್ಮೆಯನ್ನೂ ಅಳೆಯುತ್ತದೆ. ಆಡುವುದನ್ನಾಗಲಿ ಸ್ವಂತ ವಾಕ್ಯ ಬರೆಯುವುದನ್ನಾಗಲಿ ಕೇಳುವುದಿಲ್ಲ. ಪ್ರಮಾಣಪತ್ರ ಕೈಗೆ ಬಂದರೂ ಮಾತು ಬಾಯಿಗೆ ಬಾರದಿರಬಹುದು. ನೋವೆಲ್ಲಿ ಎಂದು ವೃದ್ಧೆಯೊಬ್ಬಳನ್ನು ಕೇಳಬೇಕಾದಾಗ ನಾಲ್ಕು ಉತ್ತರಗಳಲ್ಲೊಂದನ್ನು ಗುರುತಿಸಿದ ಅಭ್ಯಾಸ ಎಷ್ಟರ ಮಟ್ಟಿಗೆ ನೆರವಾದೀತು?

ಕನ್ನಡಿಗರಿಗೆ ಜಪಾನಿ ತೀರ ಪರಕೀಯವೂ ಅಲ್ಲ. ಅಲ್ಲಿಯೂ ಕ್ರಿಯಾಪದಕ್ಕೆ ವಾಕ್ಯದ ಕೊನೆಯೇ ಸ್ಥಾನ; 'ಇಂದ', 'ಅಲ್ಲಿ' ಮುಂತಾದವು ನಾಮಪದದ ಬೆನ್ನಿಗೇ ಬರುತ್ತವೆ; ಅಣ್ಣನಿಗೂ ತಮ್ಮನಿಗೂ ಬೇರೆ ಬೇರೆ ಶಬ್ದಗಳುಂಟು. ಕಷ್ಟವಿರುವುದು ಲಿಪಿಯಲ್ಲಿ: ನಿತ್ಯಬಳಕೆಗೆಂದು ಗೊತ್ತುಪಡಿಸಿದ ಚೀನೀ ಮೂಲದ ಅಕ್ಷರಗಳೇ 2,136.

ಪತ್ರಕ್ಕೆ ಕುಳಿತಾಗ ಮತ್ತೊಂದು ಕಷ್ಟ ಎದುರಾಗುತ್ತದೆ. ಪಠ್ಯಪುಸ್ತಕ ನಿಲ್ದಾಣದ ದಾರಿ ಕೇಳಲು ಕಲಿಸಿದೆ. ಕಬ್ಬಿನ ಗದ್ದೆ, ತಂಬಾಕಿನ ಘಾಟು, ಜೋಳದ ರೊಟ್ಟಿಗಳ ವಿಚಾರ ಅದರಲ್ಲಿಲ್ಲ. ಅಥಣಿಯಲ್ಲಿ ಹೊಲಿದ ಚಪ್ಪಲಿಗೆ ಕೊಲ್ಹಾಪುರದ ಹೆಸರೇಕೆ, 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಎರಡೂ ರಾಜ್ಯಗಳ ಜಿಲ್ಲೆಗಳೇಕೆ ಸೇರಿವೆ ಎಂದು ಗೆಳತಿ ಕೇಳಿದರೆ, ಉತ್ತರಕ್ಕಾಗಿ ಮೊದಲು ಚಮ್ಮಾರರ ಓಣಿಗೆ ಹೋಗಿ ವಿಚಾರಿಸಬೇಕು. ಪರರಿಗೆ ಊರನ್ನು ಹೇಳಹೊರಟವರಿಗೆ ತಮ್ಮ ಊರೇ ಹೊಸದಾಗಿ ಪರಿಚಯವಾಗುತ್ತದೆ.

ಈ ಸ್ನೇಹ ಕೊಡುಕೊಳ್ಳುವಿಕೆಯದು. ಆಚೆಯವರು ಬಹುಶಃ ಇಂಗ್ಲಿಷನ್ನೇ ಬಯಸುತ್ತಾರೆ. ಈಚೆಯವರಿಗೂ ಅದು ಕಲಿತ ಭಾಷೆಯೇ. ಇಬ್ಬರೂ ಮೂರನೆಯವರ ಜಗಲಿಯ ಮೇಲೆ ಕುಳಿತಂತೆ! ಅರ್ಧ ಹೊತ್ತು ಅವರ ಭಾಷೆಗೆ, ಅರ್ಧ ಇವರದಕ್ಕೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಯಾರಿಗೂ ಭಾರವಾಗದು. ಒಂದು ಪತ್ರದಲ್ಲಿ ಎರಡು ಮೂರು ತಪ್ಪುಗಳನ್ನು ತಿದ್ದಿದರೆ ಸಾಕು. ಎಲ್ಲವನ್ನೂ ತಿದ್ದಿದರೆ ಸ್ನೇಹಿತ ಮೇಷ್ಟರಾಗಿಬಿಡುತ್ತಾನೆ. ನಿಪ್ಪಾಣಿಯಲ್ಲಿ ರಾತ್ರಿ ಎಂಟಾದಾಗ ಜಪಾನಿನಲ್ಲಿ ಹನ್ನೊಂದೂವರೆ ಎಂಬುದೂ ನೆನಪಿರಲಿ.

ಹಿರಿಯರ ಆತಂಕವೂ ನಿರಾಧಾರವಲ್ಲ. ಮುಖ ಕಾಣದ ಗೆಳೆತನದಲ್ಲಿ ಮನೆಯ ವಿಳಾಸ, ಬ್ಯಾಂಕಿನ ವಿವರ ಇವು ಬೇಡ. ಹಣ ಕೇಳಿದವರಿಗೆ ಉತ್ತರವೇ ಬೇಡ. ಮಗಳು ಬರೆದುದನ್ನು ತಂದೆತಾಯಿಗಳು ಕದ್ದು ಓದುವುದಕ್ಕಿಂತ, 'ಇವತ್ತು ನಿನ್ನ ಗೆಳತಿ ಏನಂದಳು?' ಎಂದು ಊಟದ ಹೊತ್ತಿಗೆ ಕೇಳುವುದು ಲೇಸು.

ಆ ಊಟದ ಹೊತ್ತಿನಲ್ಲಿ ಒಂದು ಸೋಜಿಗ ಹೊರಬೀಳಬಹುದು. ಹೊಸ್ತಿಲು ದಾಟುವಾಗ ಕನ್ನಡಿಗರು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಮರಾಠಿ ಮನೆಯಲ್ಲಿ 'ಯೇತೋ', 'ಯೇತೆ' ಎಂದರೆ 'ಬರುತ್ತೇನೆ' ಎಂದೇ. ಜಪಾನಿನವರು ಮನೆ ಬಿಡುವಾಗ ಹೇಳುವ 'ಇತ್ತೆ ಕಿಮಾಸು' ಎಂಬುದಕ್ಕೂ ಅಕ್ಷರಶಃ 'ಹೋಗಿ ಬರುತ್ತೇನೆ' ಎಂದೇ ಅರ್ಥ. ದೂರದೇಶಕ್ಕೆ ಮಗಳನ್ನು ಕಳುಹಿಸಲಿರುವ ತಾಯಿಗೆ ಆ ಭಾಷೆಯಲ್ಲಿ ಈ ಒಂದು ಮಾತು ತಿಳಿದರೂ ಎಷ್ಟೋ ಸಮಾಧಾನ.