ಗಾಳಿ ಹಾಕುವ ಕೆಲಸ

ಕಳೆದ ವರ್ಷ ಜಾತ್ರೆಗೆ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತಿದ್ದ ಕಾಕಾ ಕೇಳಿದರು, ‘ತಮ್ಮಾ, ವಿಮಾನ ನಿಲ್ದಾಣದಾಗ ನೌಕರಿ ಅಂತಾರ. ಖರೇ ಏನ ಮಾಡ್ತಿ ನೀ ಅಲ್ಲಿ?’

‘ವಿಮಾನಕ್ಕ ಗಾಳಿ ಹಾಕ್ತೇನ್ರಿ ಕಾಕಾ.’

‘ಗಾಲಿಗೆ?’

‘ಗಾಲಿಗಲ್ರೀ, ಹೊಟ್ಟಿಗೆ.’

ಕಟ್ಟೆ ಮೇಲಿದ್ದವರೆಲ್ಲ ನಕ್ಕರು. ಚಿಕ್ಕೋಡಿಯಲ್ಲಿ ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಹುಡುಗ ಪಂಕ್ಚರ್ ಅಂಗಡಿ ಸೇರ್ಯಾನ ಅಂತ ಸುದ್ದಿ ಅವತ್ತು ಸಂಜೆಯೊಳಗೆ ಓಣಿ ತುಂಬ ಹಬ್ಬಿತು. ನಾನೂ ತಿದ್ದಲಿಕ್ಕೆ ಹೋಗಲಿಲ್ಲ. ತಿದ್ದಬೇಕು ಅಂದರೆ ಅರ್ಧ ಗಂಟೆ ಬೇಕು. ಇಲ್ಲಿ ನಿಮಗೆ ಹೇಳ್ತೀನಿ.

ನಮ್ಮದು ಅಥಣಿ ತಾಲ್ಲೂಕು. ಅವ್ವನ ತವರು ಕಾಗವಾಡದ ಕಡೆ, ಶೇಡಬಾಳದ ಹತ್ತಿರ. ಡಿಪ್ಲೊಮಾ ಮುಗಿದ ಮೇಲೆ ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಒಂದು ಸೀಸನ್ ಬಾಯ್ಲರ್ ಹತ್ತಿರ ಬೆವರು ಸುರಿಸಿದೆ. ಆಮೇಲೆ ನಿಪ್ಪಾಣಿಯ ಗೆಳೆಯನೊಬ್ಬ ಫೋನ್ ಮಾಡಿ, ಇಂಥ ಕಡೆ ಎಸಿ ಗೊತ್ತಿರೋರು ಬೇಕಂತೆ, ಬಾ ಅಂದ. ಹೀಗೆ ಬಾಯ್ಲರ್‌ನಿಂದ ತಣ್ಣನೆ ಗಾಳಿಗೆ ಬಂದವನು ನಾನು. ಯಾವ ವಿಮಾನ ನಿಲ್ದಾಣ ಅಂತ ಬರೆಯೋದಿಲ್ಲ, ನೌಕರಿ ಇನ್ನೂ ಬೇಕು.

ನೀವು ಬೋರ್ಡಿಂಗ್ ಪಾಸ್ ತೋರಿಸಿ ಏರೋಬ್ರಿಡ್ಜ್ ಒಳಗೆ ನಡೆದು ಹೋಗ್ತೀರಲ್ಲ, ಆಗ ನಿಮ್ಮ ಕಾಲ ಕೆಳಗೆ ನಾನಿರುತ್ತೇನೆ. ಆ ಬ್ರಿಡ್ಜಿನ ಹೊಟ್ಟೆಗೆ ಒಂದು ದೊಡ್ಡ ಪೆಟ್ಟಿಗೆ ಜೋತು ಬಿದ್ದಿರುತ್ತದೆ. ನಾವು ಅದನ್ನ ಪಿಸಿಎ ಅಂತೀವಿ, ಅಂದರೆ ಪ್ರಿ-ಕಂಡಿಷನ್ಡ್ ಏರ್. ಅದರಿಂದ ಒಂದು ಹಳದಿ ಪೈಪು ಹೊರಡುತ್ತದೆ. ಸಣ್ಣ ಮಗು ಒಳಗೆ ತೆವಳಿಕೊಂಡು ಹೋಗಬಹುದು, ಅಷ್ಟು ದಪ್ಪ. ವಿಮಾನ ಬಂದು ನಿಂತು, ಗಾಲಿಗೆ ಅಡ್ಡಗಟ್ಟೆ ಇಟ್ಟು, ಎಂಜಿನ್ ನಿಂತು, ಅದರ ಮೈಮೇಲಿನ ಕೆಂಪು ದೀಪ ಆರಿದ ಮೇಲೆ ನಾವು ಹತ್ತಿರ ಹೋಗೋದು. ಮೊದಲು ಕರೆಂಟಿನ ಕೇಬಲ್, ಆಮೇಲೆ ಈ ಪೈಪು. ವಿಮಾನದ ಹೊಟ್ಟೆಯ ಕೆಳಗೆ 8 ಇಂಚಿನ ಒಂದು ಬಾಯಿ ಇರುತ್ತದೆ, ಅದಕ್ಕೆ ಸಿಕ್ಕಿಸಿ ಲಾಕ್ ಮಾಡಬೇಕು. ಏರ್‌ಬಸ್ 320ಕ್ಕೆ ಒಂದೇ ಬಾಯಿ, ಬೋಯಿಂಗ್ 777ಕ್ಕೆ ಎರಡು.

ಕರೆಂಟು ಅಂದೆನಲ್ಲ, ಅದೂ ನಮ್ಮ ಮನೆ ಕರೆಂಟಲ್ಲ. ಮನೆಯದು 230 ವೋಲ್ಟ್, 50 ಹರ್ಟ್ಸ್. ವಿಮಾನಕ್ಕೆ ಬೇಕಾದದ್ದು 115 ವೋಲ್ಟ್, 400 ಹರ್ಟ್ಸ್. ಫ್ರೀಕ್ವೆನ್ಸಿ ಹೆಚ್ಚಾದರೆ ಟ್ರಾನ್ಸ್‌ಫಾರ್ಮರು, ಮೋಟರು ಎಲ್ಲ ಸಣ್ಣದಾಗಿ, ಹಗುರಾಗಿ ಮಾಡಬಹುದು. ಹಾರೋ ವಸ್ತುವಿಗೆ ಒಂದೊಂದು ಕಿಲೋ ಲೆಕ್ಕ.

ಇಷ್ಟೆಲ್ಲ ಯಾಕೆ, ವಿಮಾನದಲ್ಲಿ ಅದರದೇ ಎಸಿ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಆದರೆ ದೊಡ್ಡ ಎಂಜಿನ್ ನಿಂತ ಮೇಲೆ ಅದಕ್ಕೆ ಉಸಿರು ಕೊಡೋದು ಬಾಲದೊಳಗಿನ ಒಂದು ಪುಟ್ಟ ಜೆಟ್ ಎಂಜಿನ್. ಅದಕ್ಕೆ ಎಪಿಯು ಅಂತಾರೆ. 1960ರ ದಶಕದಲ್ಲಿ ಬೋಯಿಂಗ್ 727 ಬಂದಾಗ ಸಣ್ಣ ಊರಿನ ನಿಲ್ದಾಣದಲ್ಲೂ ಯಾರ ಹಂಗೂ ಇಲ್ಲದೆ ನಿಲ್ಲಬೇಕು ಅಂತ ಇದನ್ನು ಜೋಡಿಸಿದರು. ಅನುಕೂಲವೇನೋ ಹೌದು. ಆದರೆ 320ರಂಥ ವಿಮಾನ ಗೇಟಿನಲ್ಲಿ ಸುಮ್ಮನೆ ನಿಂತು ಎಪಿಯು ಓಡಿಸಿದರೆ ಗಂಟೆಗೆ ಹೆಚ್ಚುಕಡಿಮೆ 100 ಕೆ.ಜಿ. ಇಂಧನ ಸುಡುತ್ತದೆ. ಅದರಿಂದ 300 ಕೆ.ಜಿ.ಗೂ ಮೀರಿ ಇಂಗಾಲದ ಡೈಆಕ್ಸೈಡ್. ಮೇಲೆ ಆ ಸದ್ದು. ಬಾಲದ ಕೆಳಗೆ ಲಗೇಜ್ ಇಳಿಸೋ ಹುಡುಗರು ಕಿವಿಗೆ ಮಫ್ ಹಾಕಿಕೊಂಡೇ ಕೆಲಸ ಮಾಡಬೇಕು.

ಅಪ್ಪನಿಗೆ ಕಿಲೋ ಲೆಕ್ಕ ಹೇಳಿದರೆ ಅರ್ಥ ಆಗಲ್ಲ ಅಂತ ಲೀಟರಿನಲ್ಲಿ ಹೇಳಿದೆ. ಸುಮಾರು 125 ಲೀಟರ್.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ನಿಂತ ಗಾಡಿಗೆ?’

ಹೌದು, ನಿಂತ ಗಾಡಿಗೆ. ಅದಕ್ಕೇ ನಮ್ಮ ಪೆಟ್ಟಿಗೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಿಲ್ದಾಣದಲ್ಲಂತೂ ಗೇಟಿಗೆ ಬಂದ ವಿಮಾನ ನೆಲದ ಕರೆಂಟು, ನೆಲದ ಗಾಳಿಯನ್ನೇ ಬಳಸಬೇಕು, ಎಪಿಯು ಬೇಕಾದಷ್ಟು ಹೊತ್ತು ಓಡಿಸೋ ಹಾಗಿಲ್ಲ. ಅಲ್ಲಿ ಚಳಿಗಾಲದಲ್ಲಿ ಇದೇ ಥರದ ಪೈಪಿನಲ್ಲಿ ಬಿಸಿ ಗಾಳಿ ಹೋಗುತ್ತದೆ. ನಮಗೆ ಆ ಯೋಗ ಇಲ್ಲ. ನನ್ನ ಪೆಟ್ಟಿಗೆ ವರ್ಷವಿಡೀ ತಣ್ಣಗೆ ಮಾಡುತ್ತಲೇ ಇರಬೇಕು. ಬಿರುಬೇಸಿಗೆಯಲ್ಲಿ ಪೈಪಿನಿಂದ ಹೊರಡೋ ಗಾಳಿ ಫ್ರಿಜ್ಜಿನ ಒಳಗಿನಷ್ಟು ತಣ್ಣಗಿರುತ್ತದೆ. ಸಾಲದು ಅನ್ನಿಸುತ್ತೆ, ಆದರೂ ಸಾಲದು. ಕೂತ ಮನುಷ್ಯ ಒಬ್ಬ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. 180 ಜನ ಕೂತರೆ 18 ಕಿಲೋವ್ಯಾಟ್. ಒಂದು ಉದ್ದನೆ ಕೊಳವೆಯೊಳಗೆ ಹದಿನೆಂಟು ರೂಮ್ ಹೀಟರ್ ಹಚ್ಚಿ ಮುಚ್ಚಿಟ್ಟ ಹಾಗೆ. ಹೊರಗೆ ಕಾಂಕ್ರೀಟು ಸುಡುತ್ತಿರುತ್ತದೆ, ಮೇಲೆ ಬಿಸಿಲು. (ಬಿಸಿಲಿನ ಹೊತ್ತು ಕಿಟಕಿಯ ಪರದೆ ಇಳಿಸಿ ಅಂತ ಗಗನಸಖಿ ಹೇಳಿದರೆ ದಯವಿಟ್ಟು ಇಳಿಸಿ. ರೀಲ್ಸ್ ಆಮೇಲೆ ಮಾಡಬಹುದು.)

ಈಗ ನನ್ನ ತಪ್ಪಿನ ಕಥೆ.

ಅದಕ್ಕೂ ಮೊದಲು ನಮ್ಮ ಶೆಡ್ ಬಗ್ಗೆ ಹೇಳಬೇಕು. ಅಥಣಿ ಕಡೆ ದ್ರಾಕ್ಷಿ ಬೆಳೆಯೋರಲ್ಲಿ ಬಹಳ ಜನ ಹಣ್ಣನ್ನು ಹಾಗೇ ಮಾರೋದಿಲ್ಲ, ಬೇದಾಣಾ ಮಾಡ್ತಾರೆ, ಅಂದರೆ ಒಣದ್ರಾಕ್ಷಿ. ಫೆಬ್ರುವರಿಯಿಂದ ಏಪ್ರಿಲ್ ತನಕ ಊರ ಹೊರಗೆಲ್ಲ ಶೆಡ್‌ಗಳು. ಒಂದರ ಮೇಲೊಂದು ತಂತಿ ಜಾಲರಿ, ದ್ರಾವಣದಲ್ಲಿ ಅದ್ದಿ ತೆಗೆದ ಗೊಂಚಲುಗಳನ್ನು ಅದರ ಮೇಲೆ ಹರವಬೇಕು. ಬಿಸಿಲಿಗಲ್ಲ, ನೆರಳಿಗೆ. ಒಣಗಿಸೋದು ಗಾಳಿ. ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಹಸಿರು ಬಣ್ಣ ಉಳಿದರೆ ರೇಟು, ಕಂದು ತಿರುಗಿದರೆ ಹೋಯಿತು. ಬಟ್ಟೆ ಯಾವ ಕಡೆ ಎತ್ತಬೇಕು, ಯಾವ ಕಡೆ ಇಳಿಸಬೇಕು ಅಂತ ಅಪ್ಪ ದಿನಕ್ಕೆ ಹತ್ತು ಸಲ ಶೆಡ್ ಸುತ್ತುತ್ತಾರೆ. ಒಂದು ಮೂಲೆಯಲ್ಲಿ ಗೊಂಚಲು ದಟ್ಟ ಆಗಿ ಗಾಳಿ ಸುಳಿಯದಿದ್ದರೆ ಸಾಕು, ಅಲ್ಲಿಂದಲೇ ಮಾಲು ಕೆಡುತ್ತದೆ. ‘ಗಾಳಿ ನಾವ್ ಕೊಡೂದಲ್ಲ, ಅದಕ್ಕ ದಾರಿ ಕೊಡೂದಷ್ಟ ನಮ್ಮ ಕೆಲಸ’ ಅಂತಿದ್ದರು. ಸಣ್ಣವನಿದ್ದಾಗ ಇದನ್ನ ಸಾವಿರ ಸಲ ಕೇಳಿ ಬೇಜಾರಾಗಿತ್ತು.

ನೌಕರಿಯ ಮೊದಲ ಬೇಸಿಗೆ. ಮಧ್ಯಾಹ್ನ ಎರಡೂವರೆ. ವಿಮಾನ ಬಂತು, ಪೈಪು ಹಾಕಿದೆ, ಸ್ವಿಚ್ ಒತ್ತಿದೆ. ಪೈಪು ಬ್ರಿಡ್ಜಿನ ಗಾಲಿಯ ಹತ್ತಿರ ಒಂದು ಕಡೆ ತಿರುಚಿಕೊಂಡಿತ್ತು. ನೋಡಿದೆ. ಸುಳ್ಳು ಹೇಳೋದಿಲ್ಲ, ನೋಡಿದೆ. ಪೈಪು ಉಬ್ಬಿದೆಯಲ್ಲ, ಗಾಳಿ ಹೋಗ್ತಾ ಇದೆಯಲ್ಲ ಅಂತ ನೆರಳಿಗೆ ಹೋಗಿ ನೀರು ಕುಡಿದೆ. ಉಬ್ಬಿದ್ದು ತಿರುವಿನ ಈಚೆ ಮಾತ್ರ. ಆಚೆ ಹೋಗುತ್ತಿದ್ದದ್ದು ಅರ್ಧವೂ ಇರಲಿಲ್ಲ.

ಜನ ಹತ್ತಿದರು. ಹತ್ತು ಹದಿನೈದು ನಿಮಿಷ ಕಳೆದಿರಬೇಕು, ಬಾಲದ ಕಡೆಯಿಂದ ಎಪಿಯು ಕೂಗೋದು ಕೇಳಿತು. ಕ್ಯಾಪ್ಟನ್‌ಗೆ ತಡೆಯಲಾಗದೆ ತಮ್ಮದೇ ಎಸಿ ಹಾಕಿಕೊಂಡಿದ್ದರು. ಹಾಗೆ ಹಾಕಿದರೆ ನಮ್ಮ ಪೈಪು ಬಂದ್ ಮಾಡಬೇಕು, ಎರಡೂ ಒಟ್ಟಿಗೆ ನಡೆಸೋ ಹಾಗಿಲ್ಲ. ನಾನು ಓಡಿ ಹೋಗಿ ಬಂದ್ ಮಾಡುವಷ್ಟರಲ್ಲಿ ಮೇಲಿಂದ ಗಾಲಿಕುರ್ಚಿ ಕರೆದರು. ಹಿಂದಿನ ಸಾಲಿನ ಒಬ್ಬ ಅಜ್ಜಿಗೆ ತಲೆ ಸುತ್ತಿ ಬಂದಿತ್ತು. ಆಕೆಯನ್ನು ಇಳಿಸಿಕೊಂಡು ಹೋಗೋದನ್ನು ಕೆಳಗಿನಿಂದ ನೋಡಿದೆ. ಬ್ರಿಡ್ಜಿನ ಗಾಜಿನಲ್ಲಿ ಸೀರೆಯ ಅಂಚು ಮಾತ್ರ ಕಂಡಿತು. ಆಮೇಲೆ ಸುಧಾರಿಸಿಕೊಂಡರಂತೆ, ಮುಂದಿನ ವಿಮಾನಕ್ಕೆ ಹೋದರಂತೆ.

ಸೂಪರ್‌ವೈಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈ ಹಿಡಿದು ಪೈಪಿನ ಮೇಲೆ ಇಟ್ಟು, ಪೆಟ್ಟಿಗೆಯಿಂದ ವಿಮಾನದ ಹೊಟ್ಟೆಯ ತನಕ ನಡೆಸಿದರು. ತಿರುವಿನ ಈಚೆ ಬಿಗಿ, ಆಚೆ ಜೋಲು. ಕೈಗೆ ಗೊತ್ತಾಯಿತು. ಅಪ್ಪನ ಶೆಡ್ಡಿನ ಮೂಲೆ ನೆನಪಾಯಿತು. ಅವತ್ತಿನಿಂದ ಪ್ರತಿ ವಿಮಾನಕ್ಕೂ ಅಂಗೈ ಇಟ್ಟು ಪೂರ್ತಿ ಪೈಪು ನಡೀತೀನಿ. ಹೊಸ ಹುಡುಗರು ‘ಅಣ್ಣ ಎತ್ತಿನ ಮೈ ಸವರ್ತಾನೆ’ ಅಂತ ನಗ್ತಾರೆ. ನಗಲಿ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನ ಬರೀತಿರಲಿಲ್ಲ.

ಹೋದ ಮೇ ತಿಂಗಳು, ಬೇದಾಣಾ ಎಲ್ಲ ಮಾರಿ ಕೈ ಖಾಲಿ ಆದ ಮೇಲೆ ಅವ್ವ ನನ್ನ ರೂಮು ನೋಡಲಿಕ್ಕೆ ಬಂದಳು. ಬರುವಾಗ ಕುಡಚಿಯಿಂದ ರೈಲು. ಜೊತೆಗೆ ಎರಡು ಚೀಲ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಮಾರದೆ ನನಗಂತ ತೆಗೆದಿಟ್ಟಿದ್ದ ಎರಡು ಕಿಲೋ ಬೇದಾಣಾ. ಹೋಗುವಾಗ ವಿಮಾನದಲ್ಲೇ ಕಳಿಸಬೇಕು ಅಂತ ನನ್ನ ಹಟ. ಬೆಳಗಾವಿಯ ಸಾಂಬ್ರಾಕ್ಕೆ ಟಿಕೆಟ್ ತೆಗೆದೆ. ‘ಬ್ಯಾಡೋ ಯಪ್ಪಾ, ರೊಕ್ಕ ಹಾಳು’ ಅಂದಳು. ಆದರೆ ಹಿಂದಿನ ದಿನವೇ ಇಳಕಲ್ ಸೀರೆ ಮಡಿಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ಸಿಕ್ಕಿದ್ದು ಪ್ರೊಪೆಲರ್ ಇರೋ ಸಣ್ಣ ಎಟಿಆರ್ ವಿಮಾನ. ಅದು ಏರೋಬ್ರಿಡ್ಜಿಗೆ ಬರೋದಿಲ್ಲ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ದೂರದ ಜಾಗದಲ್ಲಿ ಹತ್ತಿಸುತ್ತಾರೆ. ಇನ್ನೊಂದು ವಿಷಯ, ಎಟಿಆರ್‌ಗೆ ಬಾಲದಲ್ಲಿ ಎಪಿಯು ಇಲ್ಲವೇ ಇಲ್ಲ. ಬೇಕಾದರೆ ಬಲಗಡೆಯ ಎಂಜಿನ್ ಓಡಿಸಿ, ಪ್ರೊಪೆಲರ್ ತಿರುಗದ ಹಾಗೆ ಅದಕ್ಕೆ ಮಾತ್ರ ಬ್ರೇಕ್ ಹಾಕಿ, ಆ ಎಂಜಿನ್‌ನಿಂದಲೇ ಕರೆಂಟು, ಗಾಳಿ ತಗೋಬಹುದು. ಇದಕ್ಕೆ ‘ಹೋಟೆಲ್ ಮೋಡ್’ ಅಂತ ಹೆಸರು. ಹೆಸರು ಯಾರಿಟ್ಟರೋ, ಚೆನ್ನಾಗಿಟ್ಟಿದ್ದಾರೆ. ಆದರೆ ಅದಕ್ಕೂ ಇಂಧನ ಬೇಕು, ಎಲ್ಲ ಹೊತ್ತಿನಲ್ಲೂ ಹಾಕೋದಿಲ್ಲ. ಇಲ್ಲದಿದ್ದರೆ ಎಸಿ ಗಾಡಿ ತಂದು ಪೈಪು ಹಚ್ಚಬೇಕು. ಗಾಡಿಗಳು ಇರೋದೇ ಕೆಲವು.

ಇದೆಲ್ಲ ನನಗೆ ಗೊತ್ತಿತ್ತು. ಟಿಕೆಟ್ ತೆಗೆಯುವಾಗ ಹೊಳೆಯಲಿಲ್ಲ.

ಅವತ್ತು ಬೆಳಗಾವಿ ಕಡೆ ಗುಡುಗು ಮಳೆ. ಎಲ್ಲರನ್ನೂ ಹತ್ತಿಸಿ ಬಾಗಿಲು ಹಾಕಿದ ಮೇಲೆ ‘ಸ್ವಲ್ಪ ಕಾಯಿರಿ’ ಅಂತ ಬಂತಂತೆ. ಆ ಸ್ವಲ್ಪ ಅನ್ನೋದು ಮುಕ್ಕಾಲು ಗಂಟೆ ಆಯಿತು. ನಾನು ಡ್ಯೂಟಿಯಲ್ಲಿದ್ದೆ, ಅವ್ವ ಹಾರಿ ಹೋಗಿರಬೇಕು ಅಂತಲೇ ಅಂದುಕೊಂಡಿದ್ದೆ. ಆ ಮುಕ್ಕಾಲು ಗಂಟೆ ನಾನು ಏನು ಮಾಡ್ತಿದ್ದೆ ಗೊತ್ತಾ? ಒಂದು ಖಾಲಿ ವಿಮಾನಕ್ಕೆ ಪೈಪು ಹಚ್ಚಿ, ಜನ ಹತ್ತುವ ಮೊದಲೇ ತಣ್ಣಗಾಗಲಿ ಅಂತ ಒಂದು ಗಂಟೆ ಮುಂಚೆಯೇ ಗಾಳಿ ಹಾಕುತ್ತಾ, ಅಂಗೈ ಇಟ್ಟು ನಡೆಯುತ್ತಾ ಇದ್ದೆ.

ಊರು ಮುಟ್ಟಿದ ಮೇಲೆ ಅವ್ವ ಫೋನಿನಲ್ಲಿ ‘ಭಾಳ ಚಲೋ ಆತು, ಮೋಡದ ಮ್ಯಾಲಿಂದ ಬಂದ್ನಿ’ ಅಂದಳು. ಅಷ್ಟೇ. ಎರಡು ದಿನ ಬಿಟ್ಟು ಅಪ್ಪ ಹೇಳಿದ್ದು ಉಳಿದದ್ದನ್ನು. ಬೆವರಿ ಸೀರೆ ಮೈಗೆ ಅಂಟಿತ್ತಂತೆ. ಮುಂದಿನ ಸೀಟಿನ ಜೇಬಿನಲ್ಲಿದ್ದ ಕಾರ್ಡ್ ತೆಗೆದು ಗಾಳಿ ಹಾಕಿಕೊಂಡಳಂತೆ. ಪಕ್ಕದಲ್ಲಿ ಕೂಸು ಎತ್ತಿಕೊಂಡ ಹುಡುಗಿಯೊಬ್ಬಳು ಇದ್ದಳು, ಕೂಸು ಚೀರಿ ಚೀರಿ ಸುಸ್ತಾಗಿತ್ತು. ಅವ್ವ ತನ್ನ ಬಾಟಲಿ ನೀರಿನಲ್ಲಿ ಸೆರಗು ತೋಯಿಸಿ ಅದರ ಹಣೆ ಒರೆಸಿ, ತನಗೆ ಹಾಕಿಕೊಳ್ಳುತ್ತಿದ್ದ ಗಾಳಿ ಅದಕ್ಕೆ ಹಾಕಿದಳಂತೆ. ‘ನಾ ಸೋತ ಬಿದ್ನಿ ಅಂತ ತಮ್ಮಗ ಹೇಳಬ್ಯಾಡ್ರಿ, ಅವನ ಕೆಲಸಾನ ಅದು, ಮನಸ್ಸಿಗೆ ಹಚ್ಗೋತಾನ’ ಅಂದಿದ್ದಳಂತೆ.

ಹಚ್ಚಿಕೊಳ್ಳದೆ ಹೇಗಿರೋದು? ಮರುದಿನ ಸೂಪರ್‌ವೈಸರ್ ಹತ್ತಿರ ಕೇಳಿದೆ, ಅಂಥ ಹೊತ್ತಿನಲ್ಲಿ ಯಾರು ಗಾಡಿ ಕಳಿಸಬೇಕು ಅಂತ. ನಮ್ಮ ವಿಭಾಗ ಅಲ್ಲ ಅದು, ಬೇರೆಯವರದು, ಅವರನ್ನು ವಿಮಾನದವರು ಕೇಳಬೇಕು, ಕೇಳಿದ ಹೊತ್ತಿಗೆ ಗಾಡಿ ಖಾಲಿ ಇರಬೇಕು. ಯಾರದೂ ತಪ್ಪಲ್ಲ. ಎಲ್ಲರದೂ ಸರಿಯಾಗೇ ಇದೆ, ಒಳಗೆ ಕೂತವರಿಗೆ ಮಾತ್ರ ಗಾಳಿ ಇಲ್ಲ. ಈಗ ನಾನು ಮಾಡೋದು ಇಷ್ಟೇ: ಬೇಸಿಗೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಾಡಿ ಓಡಿಸೋ ಹುಡುಗರಿಗೆ ಫೋನ್ ಹಾಕಿ, ದೂರದ ಜಾಗದಲ್ಲಿ ಯಾವ ಸಣ್ಣ ವಿಮಾನ ನಿಂತಿದೆ, ನಿಮ್ಮ ಯಾವ ಗಾಡಿ ಖಾಲಿ ಇದೆ ಅಂತ ವಿಚಾರಿಸ್ತೀನಿ. ಕೆಲವು ಸಲ ಆಗುತ್ತೆ, ಬಹಳ ಸಲ ಆಗಲ್ಲ. ನಮ್ಮ ಸೂಪರ್‌ವೈಸರ್‌ಗೆ ಗೊತ್ತು, ಸುಮ್ಮನಿದ್ದಾರೆ.

ದೀಪಾವಳಿಗೆ ಹೋದಾಗ ಅವ್ವನಿಗೆ ನಾನೇ ಬಾಯಿಬಿಟ್ಟು ಕೇಳಿದೆ. ಆಕೆ ರೊಟ್ಟಿ ತಟ್ಟುತ್ತಾ, ನನ್ನ ಕಡೆ ನೋಡದೆ, ‘ಮತ್ತ ನಿನ್ನ ಗಾಳಿ ನಮ್ಮ ವಿಮಾನಕ್ಕ ಯಾಕ ಬರಲಿಲ್ಲೋ?’ ಅಂದಳು.

‘ಪೈಪು ಅಲ್ಲೀತನಕಾ ಮುಟ್ಟೂದಿಲ್ಲ ಅವ್ವಾ.’

ಹೊರಗೆ ಕೂತಿದ್ದ ಅಪ್ಪನಿಗೆ ಅದು ಕೇಳಿಸಿತು. ಸಾಂಬ್ರಾದಲ್ಲಿ ಹೊಸ ಟರ್ಮಿನಲ್ ಬರ್ತಾ ಇದೆ, 2024ರ ಮಾರ್ಚ್ 10ರಂದು ಅಡಿಗಲ್ಲು ಹಾಕಿದ್ದಾರೆ, ಏರೋಬ್ರಿಡ್ಜೂ ಹಾಕ್ತಾರಂತೆ ಅಂತ ಅವರು ಪೇಪರಿನಲ್ಲಿ ಓದಿದ್ದರು. ‘ಅಲ್ಲೂ ಪೈಪ್ ಹಚ್ಚೂ ಮಂದಿ ಬೇಕಾಗ್ತಾರೇನೋ. ಕೇಳಿ ನೋಡಲಾ, ಶನಿವಾರ ರವಿವಾರ ಶೆಡ್ಡಿಗೂ ಬರಬಹುದು’ ಅಂದರು. ಬರೀ ನೌಕರಿ ವಿಷಯ ಅಲ್ಲ ಅದು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಈಗ ಶೆಡ್ ಸುತ್ತುವಾಗ ಅವರು ಎರಡು ಕಡೆ ಕೂತು ಎದ್ದು ಹೋಗ್ತಾರೆ.

ನಾನು ‘ನೋಡೂಣು’ ಅಂದೆ. ಅವ್ವ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು, ‘ಹೋಗೂದ್ ಆಮ್ಯಾಲೆ ಹೋಗಲಿ. ಅಲ್ಲಿಯವ್ರಿಗೆ ಮೊದಲ ಆ ಸಣ್ಣ ವಿಮಾನಕ್ಕ ಹಚ್ರಿ ಅಂತ ಹೇಳು.’